ತಲೆಯೊಳಗಿನ ಸುಣ್ಣ

ಮೇ ೪

ಅಕ್ಕಾ,

ಇಲ್ಲಿ ಯಾರೂ ಕ್ಷೇಮವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐದು ವರ್ಷದಿಂದ ಒಂದು ಸಾಲು ಬರೆಯದವಳು ಕೆಲಸ ಬಿದ್ದಾಗ ಬರೆಯುತ್ತಾಳೆ ಎಂದು ನೀನು ಅಂದುಕೊಂಡರೆ ಅಂದುಕೋ, ಅದು ನಿಜವೇ. ಫೋನು ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು. ಎರಡರ ನಡುವೆ ಹೇಳಬೇಕಾದದ್ದು ಉಳಿದೇಹೋಗುತ್ತದೆ.

ಚೋಟುಗೆ ಫಿಟ್ಸ್ ಬಂತು. ಅಂಗಡಿಯಲ್ಲೇ, ನನ್ನ ಕಣ್ಣೆದುರಿಗೆ. ಅಪ್ಪ ಒಂದು ಕೋಟಿನ ಬಟ್ಟೆಯ ಮೇಲೆ ಗೆರೆ ಹಾಕುತ್ತಿದ್ದರು, ನಾನು ಮಷೀನಿನ ಮುಂದಿದ್ದೆ. ಅವಳು ಎಂದಿನಂತೆ ಕತ್ತರಿಸುವ ಮೇಜಿನ ಕೆಳಗೆ ಕೂತು ಬಟ್ಟೆಯ ತುಂಡುಗಳನ್ನು ಬಣ್ಣವಾರು ಜೋಡಿಸುತ್ತಿದ್ದಳು. ಏನೋ ಬಡಿಯುವ ಸದ್ದು ಕೇಳಿತು. ಮಷೀನಿನ ಬೆಲ್ಟು ಕಿತ್ತುಬಂತೇನೋ ಎಂದು ಅದನ್ನು ಬಗ್ಗಿ ನೋಡಿದೆ. ನೋಡಿದರೆ ಮಗುವಿನ ಹಿಮ್ಮಡಿ ಮೇಜಿನ ಕಾಲಿಗೆ ಬಡಿಯುತ್ತಿತ್ತು. ಕಣ್ಣು ಮೇಲಕ್ಕೆ ಹೋಗಿತ್ತು. ಎಂಟು ವರ್ಷದ ಹುಡುಗಿ, ಅವಳನ್ನು ಹಿಡಿದುಕೊಳ್ಳಲು ನನಗೂ ಅಪ್ಪನಿಗೂ ಆಗಲಿಲ್ಲ.

ಇಲ್ಲಿಯ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿದರು. ಫಿಲ್ಮನ್ನು ಬೆಳಕಿಗೆ ಹಿಡಿದು, “ನೋಡಿಮ್ಮಾ, ಇಲ್ಲಿ ಬೆಳ್ಳಗೆ ಕಾಣುತ್ತಲ್ಲ, ಇದು ಸುಣ್ಣ. ಮೆದುಳಲ್ಲಿ ಸುಣ್ಣ ಕಟ್ಕೊಂಡಿದೆ” ಅಂದರು. ನಾನು ಅವರ ಮುಖವನ್ನೇ ನೋಡಿದೆ. ಗೋಡೆಗೆ ಬಳಿಯುವ ಸುಣ್ಣ ನನ್ನ ಮಗಳ ತಲೆಯೊಳಗೆ ಹೇಗೆ ಹೋಯಿತು? ಯಾಕೆ ಹೀಗಾಯಿತು ಎಂದರೆ, “ಕಾರಣ ಬೇಕಾದಷ್ಟಿರುತ್ತೆ, ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ” ಅಂದರು. ಫಿಟ್ಸ್ ಮಾತ್ರೆ ಕೊಟ್ಟಿದ್ದಾರೆ. ದೊಡ್ಡಾಸ್ಪತ್ರೆಯಲ್ಲಿ ನಮ್ಮ ಸರದಿ ಬರುವುದು ಮುಂದಿನ ತಿಂಗಳು.

ನಮ್ಮ ಮನೆಯವರು ಆ ಮಾತು ಕೇಳಿದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಇವರ ಕೆಲಸವೇ ಅದಲ್ಲವೇ, ಲಾಂಡ್ರಿಗಳ, ಕಾರ್ಖಾನೆಗಳ ಬಾಯ್ಲರಿನೊಳಗೆ ಕಟ್ಟಿದ ಸುಣ್ಣವನ್ನು ಕೆರೆದು ತೆಗೆಯುವುದು. ನಿನ್ನೆ ಊಟಕ್ಕೆ ಕೂತು ತಟ್ಟೆ ಮುಟ್ಟದೆ ಎದ್ದು ಹೋದರು.

ನೀನು ದಿನಾ ಇಂಥ ಮಕ್ಕಳನ್ನೇ ನೋಡುವವಳು. ನನ್ನ ಮೇಲಿನ ಸಿಟ್ಟನ್ನು ಪಕ್ಕಕ್ಕಿಟ್ಟು ಹೇಳು, ಇದು ಏನು?

ನಿನ್ನ ತಂಗಿ


ಮೇ ೯

ತಂಗೀ,

ನಿನ್ನ ಕಾಗದವನ್ನು ವಾರ್ಡಿನಲ್ಲಿ ನಿಂತುಕೊಂಡೇ ಓದಿದೆ. ಓದಿ ಮುಗಿದ ಮೇಲೆ ನರ್ಸು ಕುರ್ಚಿ ತಂದು ಕೂರಿಸಿದಳು. ದಿನಾ ಬೇರೆಯವರಿಗೆ ಹೇಳುವ ಮಾತನ್ನು ನಮ್ಮ ಮನೆಯವಳ ಅಕ್ಷರದಲ್ಲಿ ಓದುವುದೇ ಬೇರೆ.

ಮೂರು ವರ್ಷದ ಮಗುವನ್ನು ನೋಡಿ “ಇವಳು ಸ್ವಲ್ಪ ನಿಧಾನ, ಯಾರಿಗಾದ್ರೂ ತೋರಿಸು” ಎಂದದ್ದಕ್ಕೆ, “ಮಕ್ಕಳಿಲ್ಲದವಳಿಗೆ ಎಲ್ಲ ಮಕ್ಕಳಲ್ಲೂ ರೋಗವೇ ಕಾಣುತ್ತೆ” ಅಂದೆಯಲ್ಲ, ಆ ಜಗಳ ಇನ್ನೂ ಬಾಕಿ ಇದೆ. ಅದನ್ನು ಆಮೇಲೆ ಆಡೋಣ, ನಾನು ಮರೆತಿಲ್ಲ.

ಈಗ ಕೇಳು. ಸುಣ್ಣ ಅಂದರೆ ಕ್ಯಾಲ್ಸಿಯಂ. ಮಗುವಿನ ಮೆದುಳಿನಲ್ಲಿ ಅದು ಕಂಡರೆ ಅದೇ ರೋಗವಲ್ಲ. ಯಾವುದೋ ರೋಗ ಬಂದು ಹೋಗಿರುವ ಗುರುತು, ಇಲ್ಲವೆ ಒಳಗೇ ಕೂತಿರುವ ಗುರುತು. ಗುರುತು ಒಂದೇ, ಕಾರಣ ಹತ್ತಾರು. ಬಸುರಿನಲ್ಲಿ ತಾಯಿಗೆ ತಗುಲಿದ ಸೋಂಕಿರಬಹುದು, ಹೊಟ್ಟೆಗೆ ಹೋದ ಲಾಡಿಹುಳದ ಮೊಟ್ಟೆ ಇರಬಹುದು, ಗ್ರಂಥಿಯ ತೊಂದರೆ ಇರಬಹುದು, ವಂಶದಲ್ಲಿ ಹರಿದು ಬಂದದ್ದೂ ಇರಬಹುದು. ಎಲ್ಲಿ ಕಟ್ಟಿದೆ, ಎರಡೂ ಕಡೆ ಒಂದೇ ಥರ ಕಟ್ಟಿದೆಯೋ ಚೆಲ್ಲಾಪಿಲ್ಲಿಯಾಗಿದೆಯೋ, ಅದನ್ನು ನೋಡಿ ನಾವು ದಾರಿ ಹಿಡಿಯುತ್ತೇವೆ. ಆದ್ದರಿಂದ ಫಿಲ್ಮು ಕಳಿಸು. ಮಡಚಬೇಡ, ಎರಡು ರಟ್ಟಿನ ನಡುವೆ ಇಟ್ಟು ಕಳಿಸು.

ಇವಕ್ಕೆ ಉತ್ತರ ಬರೆ. ಬಸುರಿನಲ್ಲಿ ನಿನಗೆ ಜ್ವರ, ಮೈಮೇಲೆ ಕೆಂಪು ಗುಳ್ಳೆ ಬಂದಿತ್ತೇ? ಮನೆಯಲ್ಲಿ ಬೆಕ್ಕು ಇತ್ತೇ? ಬೆಕ್ಕಿನಿಂದಲೂ ಒಂದು ಸೋಂಕು ತಗುಲುತ್ತದೆ. ಹುಟ್ಟಿದ ಕೂಡಲೇ ಮಗು ಅತ್ತಿತೇ? ಚರ್ಮದ ಮೇಲೆ ಬಿಳಿ ಮಚ್ಚೆ ಇವೆಯೇ? ಕಿವಿ, ಕಣ್ಣು, ಹಲ್ಲು ಹೇಗಿವೆ?

ದೊಡ್ಡಾಸ್ಪತ್ರೆಯ ಸರದಿಗೆ ಕಾಯಬೇಡ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ನೋಡಿಸು. ಮೊದಲು ಅದು, ಮಿಕ್ಕದ್ದೆಲ್ಲ ಆಮೇಲೆ.

ಅಕ್ಕ


ಮೇ ೧೫

ಅಕ್ಕಾ,

ಹಾಗಾದರೆ ನನ್ನ ಹೊಟ್ಟೆಯಲ್ಲೇ ಆದದ್ದು ಅಂತಲಾ ನೀನು ಹೇಳುವುದು? ಕಾಗದ ಓದಿ ಎರಡು ದಿನ ಉತ್ತರ ಬರೆಯಬಾರದೆಂದೇ ಇದ್ದೆ. ಆದರೆ ಮಗು ನನ್ನದು, ಹಟ ಮಾಡಿ ಏನು ಮಾಡಲಿ.

ಜ್ವರ ಬಂದಿರಲಿಲ್ಲ. ಹುಟ್ಟಿದ ತಕ್ಷಣ ಬೀದಿಗೆಲ್ಲ ಕೇಳುವಂತೆ ಅತ್ತಳು. ಮಚ್ಚೆ ಇಲ್ಲ. ಹಲ್ಲು ತಡವಾಗಿ ಬಂತು, ಬಂದದ್ದೂ ಗಟ್ಟಿಯಿಲ್ಲ. ಬೆಕ್ಕು ಇತ್ತು. ಅಂಗಡಿಯ ಬೆಕ್ಕು, ನಾನು ಹೊಲಿಯುವಾಗ ನನ್ನ ತೊಡೆಯ ಮೇಲೇ ಮಲಗುತ್ತಿತ್ತು. ನಿನ್ನ ಕಾಗದ ಬಂದ ದಿನವೇ ಅದನ್ನು ಪಕ್ಕದ ಚಪ್ಪಲಿ ಅಂಗಡಿಯವನಿಗೆ ಕೊಟ್ಟುಬಿಟ್ಟೆ. ಈಗ ಅಲ್ಲಿ ಕೂತು ನನ್ನ ಕಡೆ ನೋಡುತ್ತದೆ.

ಆದರೆ ಒಂದು ನೆಮ್ಮದಿಯ ವಿಷಯವಿದೆ. ಇವರು ಕೊನೆಗೂ ಬಾಯಿ ಬಿಟ್ಟರು, ಕೆಲಸಕ್ಕೂ ಇಳಿದರು. ಕಾರ್ಖಾನೆಯೊಂದರಲ್ಲಿ ಕತ್ತರಿಸಿ ತೆಗೆದ ಹಳೆಯ ಪೈಪಿನ ತುಂಡು ತಂದು ಚೋಟು ಮುಂದೆ ಇಟ್ಟರು. ಹೊರಗಿನಿಂದ ನೋಡಿದರೆ ಕೈ ಹೋಗುವಷ್ಟು ದಪ್ಪದ ಪೈಪು, ಒಳಗೆ ಸುಣ್ಣ ಕಟ್ಟಿ ಕಟ್ಟಿ ಪೆನ್ಸಿಲು ಕೂಡ ತೂರುವುದಿಲ್ಲ.

“ನೋಡು ಮಗಳೇ, ಇದು ನೀರಲ್ಲಿ ಕರಗಿ ಬಂದಿದ್ದು. ಕಣ್ಣಿಗೆ ಕಾಣಲ್ಲ. ದಿನಾ ಸ್ವಲ್ಪ ಸ್ವಲ್ಪ ಕೂತ್ಕೊಂಡು ಕೂತ್ಕೊಂಡು ಕೊನೆಗೆ ಕಲ್ಲಾಗುತ್ತೆ” ಅಂದರು.

“ನನ್ನ ತಲೇಲೂ ಹಿಂಗೇ ಇದ್ಯಾ ಅಪ್ಪಾ?”

“ಸ್ವಲ್ಪ ಇದೆ. ಒಳಗೆ ಹೋಗೋದನ್ನ ನಿಲ್ಸಿದ್ರೆ ಹೊಸದು ಕಟ್ಟಲ್ಲ.”

ಅಷ್ಟೇ. ಹಾಲೆಂದರೆ ಪ್ರಾಣ ಬಿಡುವ ಹುಡುಗಿ ಮರುಮಾತಾಡಲಿಲ್ಲ. ಮೊದಲ ದಿನ ಮರೆತು ಲೋಟ ಎತ್ತಿಕೊಂಡಳು, ನಾನೇ ಕೈಯಿಂದ ಕಿತ್ತುಕೊಂಡೆ. ಈಗ ಹಾಲು, ಮೊಸರು, ಮೊಟ್ಟೆ ಎಲ್ಲ ಬಂದ್. ಸುಣ್ಣ ಇಲ್ಲದಂತೆ ಸೋಸಿದ ನೀರು, ಅದಕ್ಕೆ ನಿಂಬೆಹುಳಿ. ಹುಳಿಗೆ ಸುಣ್ಣ ಕರಗುತ್ತದಲ್ಲ. ಬೇಸಿಗೆ ಶಿಬಿರದಲ್ಲಿ ಯಾರೋ ಐಸ್‌ಕ್ರೀಂ ಕೊಟ್ಟರೆ, “ನಂಗೆ ಬೇಡ, ನನ್ನ ತಲೆ ಪೈಪ್ ಥರ” ಅಂದಳಂತೆ.

ರಕ್ತದ ಪರೀಕ್ಷೆ ಮಾಡಿಸಿಲ್ಲ. “ತಲೇಲೇ ಕಟ್ಟಿರೋವಾಗ ರಕ್ತದಲ್ಲಿ ಜಾಸ್ತಿ ಇದೆ ಅಂತ ಹೇಳೋಕೆ ಇನ್ನೊಂದು ಸೂಜಿ ಯಾಕೆ ಚುಚ್ಚಿಸ್ಬೇಕು? ನಿಮ್ಮಕ್ಕನೂ ಮೊದಲು ಕ್ಯಾಲ್ಸಿಯಮ್ಮೇ ಅಂತ ಬರ್ದಿದಾರಲ್ಲ” ಅಂತಾರೆ ಇವರು. ನೀವಿಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದು ಇದೇ ಮೊದಲು.

ಒಂದು ಮಾತು. ಬರೆಯುವಾಗ ಅವಳ ಕೈ ಹಿಡಿದುಕೊಳ್ಳುತ್ತದೆ. ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿಕೊಂಡು, ಬೇರೆ ಬೆರಳುಗಳು ಸೆಟೆದು ನಿಲ್ಲುತ್ತವೆ. ಫಿಟ್ಸ್ ಮಾತ್ರೆಯಿಂದ ಇರಬೇಕು, ಅಲ್ಲವೇ? ಫಿಲ್ಮು ಜೊತೆಗಿದೆ.

ನಿನ್ನ ತಂಗಿ


ಮೇ ೨೧

ಅಕ್ಕಾ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳು ಬದುಕಿದ್ದಾಳೆ. ಅದನ್ನು ಮೊದಲೇ ಬರೆದುಬಿಡುತ್ತೇನೆ.

ನೀನು ಅಂಗಡಿಗೆ ಫೋನು ಮಾಡಿದಾಗ ಎತ್ತಿಕೊಂಡದ್ದು ಅಪ್ಪ. ಐದು ವರ್ಷದ ಮೇಲೆ ಮಗಳ ದನಿ ಕೇಳಿ “ಹೇಗಿದೀಯಮ್ಮಾ” ಅನ್ನಲು ಹೋದರೆ, ನೀನು “ಮಗೂನ ಈಗಲೇ ಎತ್ಕೊಂಡು ಓಡಿ” ಎಂದು ಕಿರುಚಿದೆಯಂತೆ. ಅಪ್ಪ ಟೇಪನ್ನು ಕುತ್ತಿಗೆಯಲ್ಲಿ ಹಾಕಿಕೊಂಡೇ ಶಿಬಿರಕ್ಕೆ ಓಡಿದರು. ಇವರೂ ಬಂದರು. ಆಸ್ಪತ್ರೆಯ ಬಾಗಿಲಲ್ಲಿ ಅವಳ ಗಂಟಲು ಬಿಗಿದುಕೊಂಡಿತು. ಉಸಿರೆಳೆದಾಗ ಕೋಳಿ ಕೂಗಿದಂಥ ಸದ್ದು. ಎರಡೂ ಕೈ ಮಣಿಕಟ್ಟಿನಲ್ಲಿ ಬಗ್ಗಿ ಕೊಕ್ಕೆಯಾಗಿದ್ದವು. ತುಟಿ ನೀಲಿ.

ರಕ್ತ ತೆಗೆದುಕೊಂಡು ಹೋಗಿ ಬಂದ ಡಾಕ್ಟರಮ್ಮ, “ಕ್ಯಾಲ್ಸಿಯಂ ಅರ್ಧ ಇದೆ” ಅಂದರು.

“ಅರ್ಧದಷ್ಟು ಜಾಸ್ತಿನಾ?” ಎಂದು ಇವರು ಕೇಳಿದರು.

“ಜಾಸ್ತಿ ಅಲ್ಲ. ಇರಬೇಕಾದ್ದರಲ್ಲಿ ಅರ್ಧ ಇದೆ. ಹಾಲು ಗೀಲು ಕುಡೀತಾಳಾ?”

“ಇಲ್ಲ ಡಾಕ್ಟ್ರೇ, ಪೂರ್ತಿ ನಿಲ್ಸಿದೀವಿ” ಎಂದರು ಇವರು. ಹೆಮ್ಮೆಯಿಂದ ಎಂದರು ಅಕ್ಕಾ. ನೀವು ಹೇಳುವ ಮೊದಲೇ ನಾವು ಮಾಡಿದ್ದೇವೆ ಎನ್ನುವ ಥರ. ಆಕೆ ಬರೆಯುವುದನ್ನು ನಿಲ್ಲಿಸಿ ಇವರ ಮುಖ ನೋಡಿದರು. ಏನೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಸೂಜಿಯ ಮೂಲಕ ನಿಧಾನವಾಗಿ ಬಿಟ್ಟರು. ಏನನ್ನು? ಕ್ಯಾಲ್ಸಿಯಮ್ಮನ್ನೇ. ಯಾವುದನ್ನು ನಾವು ವಿಷದಂತೆ ಮನೆಯಿಂದ ಹೊರಗೆ ಹಾಕಿದ್ದೆವೋ ಅದನ್ನೇ. ನೋಡನೋಡುತ್ತಿದ್ದಂತೆ ಅವಳ ಬೆರಳುಗಳು ಬಿಚ್ಚಿಕೊಂಡವು. ಉಸಿರು ಸರಾಗವಾಯಿತು. ಕಣ್ಣು ಮುಚ್ಚಿ ಮಲಗಿದಳು.

ಆಗ ನಾನು ಇವರ ಕಡೆ ತಿರುಗಿದೆ. ಇಷ್ಟು ವರ್ಷದಲ್ಲಿ ಇವರನ್ನು ಏಕವಚನದಲ್ಲಿ ಕರೆದವಳಲ್ಲ ನಾನು. “ನೀನೇ ಕೊಲ್ತಿದ್ದೆ ನನ್ನ ಮಗೂನ. ನಿನ್ನ ಕೈಯಾರೆ ಕೊಲ್ತಿದ್ದೆ” ಅಂದೆ. ವಾರ್ಡಿನಲ್ಲಿ ಎಲ್ಲರೂ ನೋಡಿದರು. ಇವರು ಗೋಡೆಗೆ ಒರಗಿ ನಿಂತರು, ಅಲ್ಲಿಂದ ಹೊರಗೆ ಹೋದರು.

ತಲೆಯಲ್ಲಿ ಕಲ್ಲಾಗುವಷ್ಟು ಇದೆ, ರಕ್ತದಲ್ಲಿ ಬದುಕುವಷ್ಟಿಲ್ಲ. ಇದು ಹೇಗೆ ಅಕ್ಕಾ? ನನಗೆ ಅರ್ಥವಾಗುವ ಹಾಗೆ ಬರೆ.

ನಿನ್ನ ತಂಗಿ


ಮೇ ೨೬

ತಂಗೀ,

ಫಿಲ್ಮನ್ನು ದೀಪದ ಮುಂದೆ ಹಿಡಿದು ನೋಡಿದೆ. ಸೋಂಕಿನ ಕಲೆಗಳು ಎರಚಿದ ಹಾಗಿರುತ್ತವೆ. ಇವು ಮೆದುಳಿನ ಆಳದಲ್ಲಿ, ಎಡಕ್ಕೂ ಬಲಕ್ಕೂ ಒಂದೇ ಅಳತೆಯಲ್ಲಿ, ನೀನು ಬಟ್ಟೆ ಮಡಚಿ ಕತ್ತರಿಸಿದ ಹಾಗಿದ್ದವು. ಅಂಥದ್ದನ್ನು ಕಂಡರೆ ಮೊದಲು ಗ್ರಂಥಿಯನ್ನೇ ಅನುಮಾನಿಸಬೇಕು. ಆಮೇಲೆ ನಿನ್ನ ಕಾಗದ ಬಿಚ್ಚಿದೆ. ಹಾಲು ಬಂದ್ ಎಂಬಲ್ಲಿಗೆ ಬಂದಾಗ ಫೋನಿಗೆ ಓಡಿದೆ.

ಎಲ್ಲವನ್ನೂ ಅವರ ತಲೆಗೆ ಕಟ್ಟಬೇಡ. ‘ಎಷ್ಟಿದೆ ನೋಡಿಸು’ ಎಂದು ಬರೆದವಳು ನಾನು. ‘ಕಡಿಮೆ ಇರಬಹುದು, ಹಾಲು ನಿಲ್ಲಿಸಬೇಡ’ ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಡಾಕ್ಟರಿಗೆ ಹೊಳೆಯುವುದು ಎಲ್ಲರಿಗೂ ಹೊಳೆಯುತ್ತದೆ ಎಂದುಕೊಂಡೆ. ಸುಣ್ಣ ಕೆರೆಯುವವರ ಮನೆಗೆ ಬರೆಯುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಗಂಟಲಿನ ಬಳಿ ಕಾಳಿನಷ್ಟು ಗಾತ್ರದ ಪುಟ್ಟ ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಅವು ರಸ ಸುರಿಸಿ ಕೂಗಿ ಹೇಳುತ್ತವೆ. ಚೋಟುವಿನ ಗ್ರಂಥಿಗಳು ಬೇಕಾದದ್ದಕ್ಕಿಂತ ಹೆಚ್ಚೇ ಕೂಗುತ್ತಿವೆ ಎಂದು ಅಲ್ಲಿಯ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಆದರೆ ಮೂತ್ರಪಿಂಡಕ್ಕೆ ಆ ಕೂಗು ಕೇಳಿಸುತ್ತಿಲ್ಲ. ಹೊರಗೆ ಹೋಗಬೇಕಾದ ರಂಜಕ, ಅಂದರೆ ಫಾಸ್ಫರಸ್, ಉಳಿದುಕೊಳ್ಳುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಉಳಿದ ರಂಜಕವೇ ಇದ್ದಬದ್ದ ಕ್ಯಾಲ್ಸಿಯಮ್ಮನ್ನು ಹಿಡಿದು ಮೆದುಳಿನಲ್ಲಿ ಕೂರಿಸುತ್ತದೆ. ಇದಕ್ಕೆ ಮದ್ದಿದೆ. ಕ್ಯಾಲ್ಸಿಯಂ ಮಾತ್ರೆ, ಜೊತೆಗೊಂದು ವಿಟಮಿನ್ನು, ಬದುಕಿರುವವರೆಗೂ. ಕಟ್ಟಿದ್ದು ಕರಗುವುದಿಲ್ಲ, ಆದರೆ ಫಿಟ್ಸ್ ನಿಲ್ಲುತ್ತದೆ.

ಇನ್ನೊಂದು ಕೆಲಸ ಮಾಡು. ಚೋಟುಗೆ ಮುಷ್ಟಿ ಕಟ್ಟಲು ಹೇಳಿ ಗೆಣ್ಣುಗಳನ್ನು ನೋಡು. ಉಂಗುರದ ಬೆರಳಿನ ಗೆಣ್ಣು ಎದ್ದು ಕಾಣದೆ ಅಲ್ಲಿ ಗುಳಿ ಬಿದ್ದರೆ ನನಗೆ ಬರೆ. ನಿನಗಿರುವಂಥ ಗುಳಿ, ಅಪ್ಪನಿಗಿರುವಂಥ ಗುಳಿ. ಚಿಕ್ಕಂದಿನಲ್ಲಿ ನಮ್ಮಿಬ್ಬರ ಮುಷ್ಟಿ ಕಟ್ಟಿಸಿ ಅಪ್ಪ ನಿನಗೆ “ಇದು ನಮ್ಮನೆ ಮೊಹರು” ಅನ್ನುತ್ತಿದ್ದರು. ನನಗೆ, “ನಿನ್ನನ್ನ ಆಸ್ಪತ್ರೇಲಿ ಯಾರೋ ಬದಲಾಯಿಸಿಬಿಟ್ಟಿದಾರೆ ಕಣೇ” ಎಂದು ರೇಗಿಸಿ ಅಳಿಸುತ್ತಿದ್ದರು.

ಆ ಮೊಹರೇ ಕಾರಣವಿರಬಹುದು. ಗಿಡ್ಡ ಮೈಕಟ್ಟು, ದುಂಡು ಮುಖ, ಗಿಡ್ಡ ಬೆರಳು, ಇದೆಲ್ಲ ಒಂದೇ ಬದಲಾವಣೆಯಿಂದ ಬರುತ್ತದೆ. ಅದು ತಂದೆಯಿಂದ ಬಂದರೆ ಮೈಕಟ್ಟು ಮಾತ್ರ ಬರುತ್ತದೆ, ಆರೋಗ್ಯಕ್ಕೇನೂ ಆಗುವುದಿಲ್ಲ. ಅದೇ ಬದಲಾವಣೆ ತಾಯಿಯಿಂದ ಬಂದರೆ ರೋಗವೂ ಜೊತೆಗೆ ಬರುತ್ತದೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡ, ಹಾಗಿದೆ. ಖಚಿತಪಡಿಸಲು ರಕ್ತದ ಇನ್ನೊಂದು ಪರೀಕ್ಷೆಯಿದೆ.

ಅಕ್ಕ


ಜೂನ್ ೨

ಅಕ್ಕಾ,

ಗುಳಿ ಇದೆ. ಎರಡೂ ಕೈಯಲ್ಲಿ.

ಅವಳಿಗೆ ಆಟವೆನಿಸಿತು. ತನ್ನ ಮುಷ್ಟಿ, ನನ್ನ ಮುಷ್ಟಿ, ಅಪ್ಪನ ಮುಷ್ಟಿ ಮೂರನ್ನೂ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಇರಿಸಿದಳು. “ತಾತಾ, ಮೂರೂ ಒಂದೇ ಥರ!” ಎಂದು ಚಪ್ಪಾಳೆ ತಟ್ಟಿದಳು. ಅಪ್ಪ ನಗುತ್ತಾ “ಮತ್ತೆ? ನಮ್ಮನೆ ಮೊಹರಲ್ವಾ” ಅಂದರು. ಆಮೇಲೆ ನನ್ನ ಮುಖ ನೋಡಿದರು. ನಾನು ಹೇಳಲೇಬೇಕಾಯಿತು. ಅಪ್ಪ ಕೈಯನ್ನು ಮೇಜಿನ ಮೇಲಿಂದ ಎಳೆದು ಜೇಬಿಗೆ ಹಾಕಿಕೊಂಡರು. “ನಾನು ಇದನ್ನ ಮುದ್ದು ಮಾಡ್ತಿದ್ನಲ್ಲೇ” ಅಂದರು. ಆಮೇಲೆ ಆ ದಿನ ಕತ್ತರಿ ಹಿಡಿಯಲಿಲ್ಲ.

ನನಗೆ ಅಳುವೂ ಬರುತ್ತಿಲ್ಲ. ಅಪ್ಪನ ಕೈಯಿಂದ ನನಗೆ ಬಂದಾಗ ಮುದ್ದು, ನನ್ನಿಂದ ಅವಳಿಗೆ ಹೋದಾಗ ರೋಗ. ಹೊಟ್ಟೆಯಲ್ಲಿ ಆದದ್ದು ಅಂತಲಾ ಎಂದು ನಿನ್ನ ಮೇಲೆ ರೇಗಿದೆನಲ್ಲ, ಕೊನೆಗೂ ನನ್ನ ಹೊಟ್ಟೆಯಲ್ಲೇ ಆದದ್ದು. ಬೆಕ್ಕನ್ನು ವಾಪಸು ತಂದೆ, ಪಾಪ ಅದರದೇನು ತಪ್ಪು.

ಮನೆಗೆ ಬಂದಿದ್ದೇವೆ. ಮಾತ್ರೆ ಶುರುವಾಗಿದೆ. ಇವರ ಜೊತೆ ನಾನು ಮಾತು ಬಿಟ್ಟಿದ್ದೇನೆ. ನೀನು ಹೇಳಿದ್ದು ತಲೆಗೆ ಹೋಗುತ್ತದೆ, ನಾಲಿಗೆಗೆ ಬರುವುದಿಲ್ಲ. ಇವರನ್ನು ನೋಡಿದರೆ ಆ ನೀಲಿ ತುಟಿ ಕಣ್ಣಿಗೆ ಕಟ್ಟುತ್ತದೆ. ಏನಾದರೂ ಕೇಳಬೇಕಾದರೆ “ನಿಮ್ಮಪ್ಪನ್ನ ಕೇಳು” ಎಂದು ಚೋಟುವನ್ನು ಕಳಿಸುತ್ತೇನೆ. ಅವಳೇ ಅಲ್ಲಿಂದಿಲ್ಲಿಗೆ ಓಡಾಡುತ್ತಾಳೆ.

ನಿನ್ನ ತಂಗಿ


ಜೂನ್ ೧೬

ಅತ್ತಿಗೆಯವರಿಗೆ ನಮಸ್ಕಾರಗಳು.

ನಾನು ನಿಮಗೆ ಕಾಗದ ಬರೆದವನಲ್ಲ. ಬರೆಯುವ ಮುಖವೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಚೋಟು ಮಾತ್ರೆ ತಿನ್ನುತ್ತಿಲ್ಲ.

ಮೊದಲ ವಾರ ತಿನ್ನುತ್ತಿದ್ದಾಳೆ ಎಂದೇ ತಿಳಿದಿದ್ದೆವು. ಹೋದ ವಾರ ರಕ್ತ ನೋಡಿದರೆ ಕ್ಯಾಲ್ಸಿಯಂ ಮತ್ತೆ ಇಳಿದಿದೆ. ಕೆನ್ನೆಯಲ್ಲಿ ಒತ್ತಿ ಇಟ್ಟುಕೊಂಡು ಆಮೇಲೆ ಹಿತ್ತಲಲ್ಲಿ ಉಗಿಯುತ್ತಿದ್ದಳು. ಅವಳಮ್ಮ ಮೂಗು ಹಿಡಿದು ನುಂಗಿಸಿದರೆ ವಾಂತಿ ಮಾಡುತ್ತಾಳೆ. ನಿನ್ನೆ ಬೆರಳು ಮತ್ತೆ ಹಿಡಿದುಕೊಂಡಿತು. ಹೀಗೇ ಆದರೆ ಪುನಃ ಸೂಜಿ ಹಾಕಿ ಮಲಗಿಸಬೇಕಾಗುತ್ತದೆ, ಎಷ್ಟು ಸಲ ಅಂತ ಹಾಗೆ ಮಾಡೋದು ಎಂದರು ಡಾಕ್ಟರಮ್ಮ.

ನನಗೆ ಕಾರಣ ಗೊತ್ತು. ಆ ಪೈಪು. ಅದನ್ನು ತೋರಿಸಿ ನಂಬಿಸಿದವನು ನಾನೇ. ಒಂದು ಮಾತ್ರೆಯನ್ನು ಬೆರಳಲ್ಲಿ ಪುಡಿ ಮಾಡಿ ನೋಡಿದೆ ಅತ್ತಿಗೆ. ಬಾಯ್ಲರಿನಿಂದ ಕೆರೆದು ದಿನಾ ಬುಟ್ಟಿಗಟ್ಟಲೆ ಎಸೆಯುತ್ತೇನಲ್ಲ, ಅದೇ ಪುಡಿ. ಅದೇ ಮಗುವಿಗೆ ಪ್ರಾಣ ಎಂದರೆ ನನ್ನ ತಲೆಗೇ ಹೋಗುವುದಿಲ್ಲ, ಅವಳಿಗೆ ಹೇಗೆ ಹೋಗಬೇಕು. ಅವಳ ಎದುರಿಗೆ ನಾನೇ ಒಂದು ತಿಂದು ತೋರಿಸಿದೆ. “ನಿನ್ನ ತಲೇಲಿ ಕಲ್ಲಿಲ್ವಲ್ಲ ಅಪ್ಪಾ, ನಿಂಗೇನಾಗುತ್ತೆ” ಅಂದಳು. “ನಾನು ಅವತ್ತು ಹೇಳಿದ್ದು ತಪ್ಪು ಮಗಳೇ” ಎಂದರೆ, “ತಪ್ಪಲ್ಲ” ಎನ್ನುತ್ತಾಳೆ. ಎಷ್ಟು ಹೇಳಿದರೂ ಅಷ್ಟೇ. “ಅಪ್ಪ ಹೇಳಿದ್ದು ಸರಿ” ಎಂದು ಹಲ್ಲು ಕಚ್ಚಿ ಕೂರುತ್ತಾಳೆ.

ನೀವು ಬಂದು ಹೇಳಿದರೆ ಕೇಳಬಹುದು. ನನ್ನ ಮೇಲೆ ನಿಮಗೆ ಎಷ್ಟು ಕೋಪವಿದ್ದರೂ ಸರಿ, ಬನ್ನಿ.

ಇಂತಿ,
ಚೋಟುವಿನ ಅಪ್ಪ


ಜೂನ್ ೨೩, ಬಸ್ ನಿಲ್ದಾಣ

ನಿಮ್ಮಿಬ್ಬರಿಗೂ,

ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆದು ಅಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ. ಬಸ್ಸು ಹೊರಟ ಮೇಲೆ ಕೊಡಿ ಎಂದಿದ್ದೇನೆ. ನಿಮ್ಮ ಮನೆಯಲ್ಲಿ ಇಷ್ಟು ಹೊತ್ತು ಕೂತಿದ್ದು ಇದನ್ನು ಬಾಯಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಯಾರಿಗೂ ಹೇಳುವುದಿಲ್ಲ ಎಂದು ಚೋಟುಗೆ ಮಾತು ಕೊಟ್ಟೆ. ಬರೆಯುವುದಿಲ್ಲ ಎಂದು ಕೊಟ್ಟಿಲ್ಲ.

ಬೆಳಿಗ್ಗೆ ಅಂಗಡಿಯ ಮೇಜಿನ ಕೆಳಗೆ ಅವಳ ಜೊತೆ ನಾನೂ ಕೂತೆ. ನನ್ನ ಮಂಡಿ ಈಗಲೂ ನೋಯುತ್ತಿದೆ. ಮೆದುಳು ಪೈಪಲ್ಲ, ಮಾತ್ರೆ ತಿಂದರೆ ಕಲ್ಲು ಬೆಳೆಯುವುದಿಲ್ಲ, ತಿನ್ನದಿದ್ದರೇ ಬೆಳೆಯುವುದು ಎಂದು ಕಾಗದದಲ್ಲಿ ಚಿತ್ರ ಬರೆದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ನಂಗೊತ್ತು ದೊಡ್ಡಮ್ಮಾ” ಅಂದಳು.

“ಏನು ಗೊತ್ತು?”

“ಮಾತ್ರೆ ತಿಂದ್ರೆ ಹುಷಾರಾಗ್ತೀನಿ ಅಂತ. ಆಸ್ಪತ್ರೇಲಿ ಆಯ್ತಲ್ಲ, ಕೈ ಬಿಚ್ಕೊಂತಲ್ಲ.”

“ಮತ್ಯಾಕೆ ಉಗೀತೀಯ?”

ಬಟ್ಟೆಯ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. ಆಮೇಲೆ ಹೇಳಿದಳು, “ಹುಷಾರಾದ್ರೆ ಅಪ್ಪಂದೇ ತಪ್ಪು ಅಂತ ಆಗ್ಬಿಡುತ್ತಲ್ಲ. ಅಪ್ಪನೇ ನನ್ನ ಕೊಲ್ತಿದ್ದ ಅಂತ ಅಮ್ಮ ಹೇಳಿದ್ಲು. ನಾನು ಹುಷಾರಾಗ್ಲಿಲ್ಲ ಅಂದ್ರೆ ಮಾತ್ರೆದೇ ತಪ್ಪು. ಆಗ ಅಮ್ಮ ಅಪ್ಪನ ಹತ್ರ ಮಾತಾಡ್ತಾಳೆ.”

ತಲೆ ಎತ್ತಲು ಹೋಗಿ ಮೇಜಿಗೆ ಬಡಿಸಿಕೊಂಡೆ. ಅವಳು ಅವತ್ತು ವಾರ್ಡಿನಲ್ಲಿ ಕಣ್ಣು ಮುಚ್ಚಿದ್ದಳು ಅಷ್ಟೇ, ನಿದ್ದೆ ಮಾಡುತ್ತಿರಲಿಲ್ಲ. ನಾವು ಮೂರು ಜನ ದೊಡ್ಡವರು ಪೈಪಿನ ಭಯ ಎಂದುಕೊಂಡು ಊರೆಲ್ಲ ಸುತ್ತಿದೆವು. ಮಕ್ಕಳು ಮದ್ದು ಬೇಡವೆನ್ನಲು ನೂರು ಕಾರಣ ಕೇಳಿದ್ದೇನೆ. ಕಹಿ ಅಂತಾರೆ, ವಾಸನೆ ಅಂತಾರೆ. ಅಪ್ಪನನ್ನು ಉಳಿಸಲು ತಾನು ಸಾಯಲು ಕೂತ ಮಗುವನ್ನು ನಾನು ಕಂಡಿರಲಿಲ್ಲ.

ಇದಕ್ಕೆ ನನ್ನ ಬಳಿ ಮಾತ್ರೆಯಿಲ್ಲ. ಇದನ್ನು ಇಬ್ಬರೂ ಒಟ್ಟಿಗೆ ಕೂತು ಓದಿ. ಆಮೇಲೆ ಅವಳ ಮುಂದೆ ಏನು ಹೇಳುತ್ತೀರೋ ಹೇಳಿ, ಸುಳ್ಳು ಮಾತ್ರ ಬೇಡ. ಅವಳು ಹಿಡಿದುಬಿಡುತ್ತಾಳೆ.

ಬಸ್ಸು ಬಂತು.

ಅಕ್ಕ


ಜೂನ್ ೨೭

ಅಕ್ಕಾ,

ಅಪ್ಪ ನಿನ್ನ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ಅಡುಗೆಮನೆಯಲ್ಲಿ ನಮ್ಮಿಬ್ಬರನ್ನೂ ಕರೆದು ನಿಲ್ಲಿಸಿ, ಮಧ್ಯದಲ್ಲಿ ಇಟ್ಟು ಹೊರಗೆ ಹೋದರು. ಇವರು ಒಂದು ತುದಿ ಹಿಡಿದರು, ನಾನೊಂದು ತುದಿ ಹಿಡಿದೆ. ಇವರು ನನಗಿಂತ ನಿಧಾನವಾಗಿ ಓದುವವರು. ನಾನು ಓದಿ ಮುಗಿಸಿ, ಇವರು ಆ ಸಾಲಿಗೆ ಬರುವುದನ್ನು ನೋಡುತ್ತಾ ನಿಂತೆ. ಬಂದಾಗ ಕೆಳಗೆ ಕೂತುಬಿಟ್ಟರು.

“ಹಾಲಿನ ಲೋಟ ಕಿತ್ಕೊಂಡಿದ್ದು ನಾನು ರೀ” ಅಂದೆ.

ತಿರುಗಿದರೆ ಚೋಟು ಬಾಗಿಲಲ್ಲಿ ನಿಂತಿದ್ದಳು. ಕಾಗದ ನೋಡಿದಳು. “ದೊಡ್ಡಮ್ಮ ಹೇಳ್ಬಿಟ್ರಾ?”

“ಹೇಳ್ಲಿಲ್ಲ, ಬರೆದ್ರು” ಅಂದರು ಇವರು.

“ಅದು ಮೋಸ” ಎಂದು ಅಳಲು ಶುರುಮಾಡಿದಳು. ನಾನು ಅವಳನ್ನು ಹಿಡಿದು ಕೂರಿಸಿಕೊಂಡು ನೀನು ಹೇಳಿದ ಹಾಗೆಯೇ ಮಾಡಿದೆ. ನಿಮ್ಮಪ್ಪ ತಪ್ಪು ಮಾಡಿದರು, ಹೌದು ಅಂದೆ. ನಾನೂ ಮಾಡಿದೆ, ಪರೀಕ್ಷೆ ಮಾಡಿಸೋಣ ಎಂದು ಹಟ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ವಾರ್ಡಿನಲ್ಲಿ ಆ ಮಾತು ಅಂದದ್ದು ಅದಕ್ಕಿಂತ ದೊಡ್ಡ ತಪ್ಪು.

“ಡಾಕ್ಟ್ರು?” ಎಂದಳು ಮೂಗು ಒರೆಸಿಕೊಳ್ಳುತ್ತಾ.

“ಮೊದಲನೇ ದಿನವೇ ರಕ್ತ ನೋಡ್ಬೇಕಿತ್ತು. ಅವರದ್ದೂ ತಪ್ಪು.”

“ದೊಡ್ಡಮ್ಮ?”

“ಸರಿಯಾಗಿ ಬಿಡಿಸಿ ಬರೀಲಿಲ್ಲ. ಅವಳದ್ದೂ ತಪ್ಪು.” ಕೋಪಿಸಿಕೊಳ್ಳಬೇಡ, ಸುಳ್ಳು ಬೇಡ ಎಂದವಳು ನೀನೇ.

“ಎಲ್ಲಾರ್ದೂ ತಪ್ಪಾ?”

“ಎಲ್ಲಾರ್ದೂ.”

“ಹಂಗಾದ್ರೆ ಸರಿ” ಅಂದಳು. ಆಮೇಲೆ, “ಈಗ ಇಬ್ರೂ ಮಾತಾಡಿ. ನಾನು ನೋಡ್ಬೇಕು.”

ನಾವು ಪರೀಕ್ಷೆಗೆ ಓದದೆ ಬಂದ ಮಕ್ಕಳ ಹಾಗೆ ನಿಂತೆವು. ಇವರು ಗಂಟಲು ಸರಿಮಾಡಿಕೊಂಡು, “ಅಂಗಡಿ ಎಷ್ಟೊತ್ತಿಗೆ ಮುಚ್ತೀಯ?” ಅಂದರು. “ದಿನಾ ಮುಚ್ಚೋ ಹೊತ್ತಿಗೆ” ಅಂದೆ. “ನಾನು ಬಂದು ಶಟರ್ ಎಳೀಲಾ?” “ಬನ್ನಿ.” ಅವಳು ಒಮ್ಮೆ ಅವರ ಬಾಯಿ, ಒಮ್ಮೆ ನನ್ನ ಬಾಯಿ ನೋಡುತ್ತಾ ಕೇಳಿಸಿಕೊಂಡಳು.

ಆಮೇಲೆ ಅಂಗೈ ಚಾಚಿದಳು. ಇವರು ಮಾತ್ರೆ ತಂದು ಇಟ್ಟರು. ಕಟಕಟನೆ ಅಗಿದು, ನೀರು ಕುಡಿದು ನುಂಗಿದಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ನಾಲಿಗೆ ಎತ್ತಿ, ಎರಡೂ ಕೆನ್ನೆ ಎಳೆದು ಬಾಯಿ ಪೂರ್ತಿ ತೆರೆದು ತೋರಿಸಿದಳು. ಮೊದಲು ಅವಳ ಅಪ್ಪನಿಗೆ.

ನಿನ್ನ ತಂಗಿ